ಗುಂಪಿಗೆ ಸೇರದ ಮನೆಗಳು

ಆ ಬಯಲನ್ನು ದೇವರು ಮಾಡಿದ್ದಲ್ಲ. ಬೀದಿಯವರು ಮಾಡಿದ್ದು.

ನಗರದ ಅಂಚಿನ ಆ ತಗ್ಗಿಗೆ ಎಲ್ಲರೂ ಒಟ್ಟಿಗೇ ಬಂದಿದ್ದರು. ನದಿ ಉಕ್ಕಿ ಹಳೆಯ ಮನೆಗಳು ಕೊಚ್ಚಿಹೋದ ವರ್ಷ ಅದು. ತಗಡು ಬಡಿಯುವವರು, ತರಕಾರಿ ಮಾರುವವರು, ಬಟ್ಟೆ ಹೊಲಿಯುವವರು, ಪಾಯಿಖಾನೆ ಗುಂಡಿ ತೆಗೆಯುವವರು. ಎಲ್ಲರ ತಲೆಯ ಮೇಲೂ ಅದೇ ಒದ್ದೆ ಗಂಟು, ಎಲ್ಲರ ಕಾಲಿಗೂ ಅದೇ ಕೆಸರು. ಆದರೆ ಗೂಟ ಹೊಡೆದು ಜಾಗ ಹಿಡಿಯುವ ಹೊತ್ತು ಬಂದಾಗ ಗುಂಡಿಯವರಿಗೆ ಮಾತ್ರ ನೀವು ಅತ್ತ ಹೋಗಿ ಎಂದರು. ಎಷ್ಟು ಅತ್ತ? ಗಾಳಿ ಬೀಸಿದರೂ ವಾಸನೆ ಮುಟ್ಟದಷ್ಟು. ಹಾಗೆ ಬಿದ್ದದ್ದು ಆ ಬಯಲು. ಇತ್ತ ಬೀದಿ, ಗೋಡೆಗೆ ಗೋಡೆ ಅಂಟಿದ ಮನೆಗಳು. ಅತ್ತ ತಗಡಿನ ಮನೆಗಳ ಒಂದು ಸಾಲು, ಬೆರಳಲ್ಲಿ ಎಣಿಸಿ ಮುಗಿಸಬಹುದು. ನಡುವೆ ಮುಳ್ಳುಗಿಡ, ಒಡೆದ ಇಟ್ಟಿಗೆ, ನಾಯಿ.

ಆ ಸಾಲಿಗೆ ಸೊಸೆಯಾಗಿ ಬಂದವಳನ್ನು ಅತ್ತೆ ಮೊದಲ ವಾರವೇ ಮೊಂಡಿ ಎಂದು ಕರೆದಳು. ಏನು ಹೇಳಿದರೂ ಹೂಂ ಅನ್ನುವ ಮೊದಲು ಯಾಕೆ ಅನ್ನುತ್ತಿದ್ದಳಂತೆ. ಹೆಸರು ಅಂಟಿತು. ಬರುಬರುತ್ತ ಗಂಡನೂ ಹಾಗೇ ಕರೆದ, ಬೀದಿಯವರೂ ಹಾಗೇ ಕರೆದರು.

ಗಂಡ ಗುಂಡಿಗೆ ಇಳಿಯುತ್ತಿದ್ದ. ಮೊಂಡಿ ಮೇಲೆ ನಿಂತು ಹಗ್ಗ ಎಳೆಯುತ್ತಿದ್ದಳು. ಹಾರೆಯಿಂದ ಚಪ್ಪಡಿ ಮೀಟಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಕಾಯಬೇಕು. ಆಮೇಲೆ ಅವನು ಸೊಂಟಕ್ಕೆ ಹಗ್ಗ ಬಿಗಿದು ಇಳಿಯಬೇಕು. ಎದೆಯವರೆಗೆ ಹೇಲು. ಅವನು ಬಕೀಟು ತುಂಬುತ್ತಾನೆ, ಅವಳು ಎಳೆಯುತ್ತಾಳೆ, ತಳ್ಳುಗಾಡಿಗೆ ಸುರಿಯುತ್ತಾಳೆ, ಮತ್ತೆ ಇಳಿಬಿಡುತ್ತಾಳೆ. ಹಗ್ಗ ಅಂಗೈ ಸುಲಿಯುತ್ತದೆ. ಸುಲಿದ ಅಂಗೈಗೆ ಅದೇ ನೀರು ತಾಗುತ್ತದೆ. ಭುಜ ಹಗಲಲ್ಲಿ ಉರಿಯುತ್ತದೆ, ಮಲಗಿದಾಗ ಮರಗಟ್ಟುತ್ತದೆ. ಕೆಲಸ ಮುಗಿದ ಮೇಲೆ ಮನೆಯಾಕೆ ಹಿತ್ತಲ ಮೆಟ್ಟಿಲ ಮೇಲೆ ನಿಂತು ನೀರು ಹೊಯ್ಯುತ್ತಾಳೆ, ಚೊಂಬಿಗೆ ಇವರ ಕೈ ತಾಗದಷ್ಟು ಎತ್ತರದಿಂದ. ಅರ್ಧ ನೀರು ಕೈಗೆ, ಅರ್ಧ ಮಣ್ಣಿಗೆ.

ಬೀದಿಯ ಕೊನೆಯ ಮನೆ, ಬಯಲಿಗೆ ಅಂಟಿಕೊಂಡದ್ದು, ದರ್ಜಿ ಅಕ್ಕನದು. ಕೆಟ್ಟವಳಲ್ಲ. ಸಾಲಿನ ಹೆಂಗಸರಿಗೂ ಅಂಗಿ ಹೊಲಿದು ಕೊಡುತ್ತಿದ್ದಳು. ಆದರೆ ಅವರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಅಲ್ಲೇ ನಿಲ್ಲು, ನಿನ್ನ ಅಳತೆ ನನಗೆ ಗೊತ್ತಿಲ್ವಾ ಎಂದು ಕಿಟಕಿಯಿಂದಲೇ ಕಣ್ಣಳತೆ ಹಿಡಿಯುತ್ತಿದ್ದಳು. ಮೊಂಡಿಯ ಅಂಗಿ ಯಾವಾಗಲೂ ತೋಳಿನಲ್ಲಿ ಬಿಗಿ. ಹಗ್ಗ ಎಳೆದು ಎಳೆದು ಆ ತೋಳು ಎಷ್ಟು ದಪ್ಪವಾಗಿದೆ ಎಂದು ಅಷ್ಟು ದೂರಕ್ಕೆ ಹೇಗೆ ತಿಳಿಯಬೇಕು?

ಹೀಗಿರುವಾಗ ನಗರದ ಕಚೇರಿಯಿಂದ ಮೇಡಂ ಬಂದಳು. ಚಿಕ್ಕ ವಯಸ್ಸು, ಹೆಗಲಿಗೆ ಕಂಪ್ಯೂಟರಿನ ಚೀಲ. ಊರಿನಲ್ಲಿ ಲೆಕ್ಕವಿಲ್ಲದೆ ಎದ್ದ ಕೇರಿಗಳನ್ನೆಲ್ಲ ಕಚೇರಿ ಈಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬ ಸುದ್ದಿ ಆಗಲೇ ಹಬ್ಬಿತ್ತು. ಕೇರಿ ಅಂತ ನಕ್ಷೆಯಲ್ಲಿ ಸೇರಿದರೆ ನಲ್ಲಿ, ಒಳಚರಂಡಿ, ಮನೆಯ ಹಕ್ಕು. ಸೇರದಿದ್ದರೆ ಎಬ್ಬಿಸುತ್ತಾರೆ.

ಅಂಗಡಿಯವನ ಚಪ್ಪರದಡಿ ಸಭೆ ಸೇರಿತು. ಬೀದಿಯಲ್ಲಿ ಅವನ ಮಾತೇ ಮಾತು. ಅವನು ಮೇಡಂಗೆ ಕುರ್ಚಿ ಹಾಕಿಸಿದ, ಬೀದಿಯವರು ಚಾಪೆಯ ಮೇಲೆ ಕೂತರು. ಸಾಲಿನವರು ಚಪ್ಪರದ ಹೊರಗೆ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ಯಾರೂ ಹಾಗೆ ಕೂರಿ ಎಂದು ಹೇಳಲಿಲ್ಲ. ಹೇಳಬೇಕಾಗಿಯೇ ಇರಲಿಲ್ಲ.

ಮೇಡಂ ಗೋಡೆಗೆ ಬಿಳಿ ಬಟ್ಟೆ ಕಟ್ಟಿಸಿ ಚಿತ್ರ ತೋರಿಸಿದಳು. ಆಕಾಶದಿಂದ ತೆಗೆದ ಚಿತ್ರ. ಒಂದೊಂದು ಸೂರಿಗೂ ಒಂದೊಂದು ಚುಕ್ಕಿ. ಅವಳು ನಿಧಾನವಾಗಿ, ಎಲ್ಲರಿಗೂ ತಿಳಿಯಲೆಂದು ಬಿಡಿಸಿ ಹೇಳಿದಳು. ಕಂಪ್ಯೂಟರು ಪ್ರತಿ ಚುಕ್ಕಿಯ ಸುತ್ತ ಒಂದು ಸುತ್ತು ಎಳೆಯುತ್ತದೆ. ಆ ಸುತ್ತಿನೊಳಗೆ ಸಾಕಷ್ಟು ಚುಕ್ಕಿಗಳು ಬಿದ್ದರೆ ಅವು ಒಂದಕ್ಕೊಂದು ಕೈ ಹಿಡಿದ ಹಾಗೆ. ಒಬ್ಬರ ಕೈ ಇನ್ನೊಬ್ಬರು, ಅವರ ಕೈ ಮತ್ತೊಬ್ಬರು, ಹೀಗೆ ಹಿಡಿದುಕೊಂಡು ಹೋದದ್ದೆಲ್ಲ ಒಂದು ಗುಂಪು. ಆ ಗುಂಪೇ ಕೇರಿ. ಬೀದಿಯ ಚುಕ್ಕಿಗಳೆಲ್ಲ ಹಸಿರಾದವು. ಜನ ತಮ್ಮ ತಮ್ಮ ಮನೆ ಹುಡುಕಿ ಬೆರಳು ತೋರಿಸಿ ನಕ್ಕರು. ಬಯಲಿನ ಆಚೆ ಒಂದಷ್ಟು ಚುಕ್ಕಿಗಳು ಬೂದು ಬಣ್ಣದಲ್ಲೇ ಉಳಿದವು.

ಮೊಂಡಿ ಎದ್ದು ನಿಂತು ಅವು ಯಾವುವು ಎಂದು ಕೇಳಿದಳು.

ಮೇಡಂ ತಡವರಿಸಿದಳು. ಅವು ಗುಂಪಿನಿಂದ ದೂರ ಇವೆ, ಯಾವ ಸುತ್ತಿಗೂ ಸಿಗಲಿಲ್ಲ ಎಂದಳು. ತಮ್ಮಷ್ಟಕ್ಕೆ ಒಂದು ಗುಂಪು ಎನ್ನಿಸಿಕೊಳ್ಳಲು ಅವು ತೀರ ಕಡಿಮೆ. ಇಂಥವನ್ನು ಲೆಕ್ಕ ಕೆಡಿಸುವ ಗದ್ದಲ ಅಂತ ಬಿಟ್ಟುಬಿಡುತ್ತಾರೆ.

"ನಾವು ಗದ್ದಲಾನಾ?" ಎಂದಳು ಮೊಂಡಿ.

"ಅದೊಂದು ಪದ ಅಷ್ಟೇ, ಅಮ್ಮ. ಬೇಜಾರು ಮಾಡ್ಕೋಬೇಡಿ."

"ಆ ಸುತ್ತು ಎಷ್ಟು ದೊಡ್ಡದಿರಬೇಕು ಅಂತ ಯಾರು ಹೇಳಿದ್ದು? ಕಂಪ್ಯೂಟರೇ ಹೇಳಿತಾ?"

ಇಲ್ಲ, ಅದನ್ನು ಕಚೇರಿಯಲ್ಲಿ ಕೂತು ನಾವೇ ಇಡುತ್ತೇವೆ ಎಂದಳು ಮೇಡಂ. ಚಿಕ್ಕದಿಟ್ಟರೆ ಒಂದು ಕೇರಿ ಹತ್ತು ಚೂರಾಗುತ್ತದೆ, ದೊಡ್ಡದಿಟ್ಟರೆ ಊರಿಗೆ ಊರೇ ಒಂದಾಗುತ್ತದೆ. ಒಂದು ಕಡೆಗೆ ಮಾತ್ರ ಅಂತ ಬದಲಿಸಲು ಆಗುವುದಿಲ್ಲ. ಜನ ಸಾಮಾನ್ಯವಾಗಿ ಎಷ್ಟು ಹತ್ತಿರ ಮನೆ ಕಟ್ಟುತ್ತಾರೋ ಅದನ್ನು ನೋಡಿ ಇಟ್ಟದ್ದು.

"ನಾವೂ ಹತ್ತಿರಾನೇ ಕಟ್ಟೋಕೆ ಬಂದಿದ್ವಿ," ಎಂದಳು ಮೊಂಡಿ. "ಈ ದೂರ ನಾವು ಇಟ್ಟಿದ್ದಲ್ಲ. ಯಾರು ಇಟ್ಟಿದ್ದು ಅಂತ ನಿಮ್ಮ ಪಕ್ಕದಲ್ಲಿ ಇರೋರನ್ನ ಕೇಳಿ."

ಮೇಡಂ ಅಂಗಡಿಯವನ ಮುಖ ನೋಡಿದಳು. ಅವನು ಅದು ಮೊದಲಿಂದ ಹಾಗೇ ಇದೆ ಎಂದು ಹೇಳಿ ಕೆಮ್ಮಿದ. ಗುಂಪಿಗೆ ಸೇರದ ಮನೆಗಳನ್ನು ಎಬ್ಬಿಸಿ ಆ ಜಾಗದಲ್ಲಿ ಏನು ಮಾಡುತ್ತೀರಿ ಎಂದು ಮೊಂಡಿಯ ಗಂಡ ಮೆಲ್ಲಗೆ ಕೇಳಿದ. ಮೇಡಂ ತಲೆ ತಗ್ಗಿಸಿ ಹೇಳಿದಳು. ಬೀದಿಯ ಕೊಳಚೆಯನ್ನು ಎತ್ತಿ ಸಾಗಿಸುವ ಯಂತ್ರದ ಮನೆ ಅಲ್ಲಿ ಬರುತ್ತದೆ. ಜಾಗ ತಗ್ಗಿನಲ್ಲಿದೆ, ಅನುಕೂಲ.

ಇಷ್ಟು ವರ್ಷ ಆ ಬೀದಿಯ ಹೇಲು ಇವರ ಮೈಮೇಲೆ ಹೋಗಿತ್ತು. ಇನ್ನು ಇವರ ಮನೆಯ ಮೇಲೆ ಹೋಗುವುದಿತ್ತು.

ಚೀಲ ಕಟ್ಟಿಕೊಂಡು ಹೊರಟ ಮೇಡಂ ಮೊಂಡಿಯ ಹತ್ತಿರ ಒಂದು ಕ್ಷಣ ನಿಂತಳು. ಕೊನೆಯ ನಕ್ಷೆಗೆ ಮೊದಲು ಇನ್ನೊಂದು ಸಲ ಚಿತ್ರ ತೆಗೆಯುತ್ತೇವೆ, ಬಯಲಿನ ನಡುವೆ ಒಂದು ಸೂರು ಇದ್ದರೂ ಸಾಕು, ಕೈಗೆ ಕೈ ಸಿಗುತ್ತದೆ, ನೀವೂ ಸೇರುತ್ತೀರಿ ಎಂದಳು. ಯಾರಿಗೂ ಕೇಳಬಾರದೆಂಬಂತೆ ಹೇಳಿದಳು. ಕಳ್ಳತನ ಹೇಳಿಕೊಟ್ಟವಳ ಹಾಗೆ ಸರಸರ ನಡೆದುಬಿಟ್ಟಳು.

ಬೀದಿಯವರು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಮಾವ ಅಲ್ಲಿ ಒಂದು ಕೋಳಿಗೂಡು ಇಟ್ಟಿದ್ದಕ್ಕೆ ಹಾಡಹಗಲೇ ಕಿತ್ತು ಬಿಸಾಕಿದ್ದರು. ಆದರೂ ಕೇಳಿ ನೋಡೋಣ ಎಂದು ಮೊಂಡಿ, ಗಂಡ, ಅತ್ತೆ ಮೂವರೂ ಅಂಗಡಿಯ ಮುಂದೆ ಹೋಗಿ ನಿಂತರು. ಸಾಮಾನು ಕೊಳ್ಳುವವರೆಲ್ಲ ಹೋಗುವವರೆಗೆ ನಿಲ್ಲಿಸಿ ಅಂಗಡಿಯವನು ಮಾತಿಗೆ ಬಂದ.

"ನನಗೇನೂ ಇಲ್ಲ. ನಾನು ಆ ಥರದವನಲ್ಲ," ಎಂದ. "ಆದ್ರೆ ನೀನೇ ಯೋಚನೆ ಮಾಡು. ನಾಳೆ ನಕ್ಷೇಲಿ ಎಲ್ಲಾ ಒಂದೇ ಅಂತ ಬಂದ್ರೆ ನಮ್ಮ ಬೀದಿಗೆ ಗುಂಡಿಯವರ ಬೀದಿ ಅಂತಾರೆ. ನಮ್ಮ ಹುಡುಗರಿಗೆ ಹೆಣ್ಣು ಯಾರು ಕೊಡ್ತಾರೆ?"

ದಾರ ಕೊಳ್ಳಲು ಬಂದಿದ್ದ ದರ್ಜಿ ಅಕ್ಕ ಪಕ್ಕದಲ್ಲೇ ಇದ್ದಳು. ಬೇರೆ ಕಡೆ ಜಾಗ ಕೊಡುತ್ತಾರೇನೋ ಕೇಳಿ ನೋಡಿ, ಪಾಪ ಎಂದಳು. ಅಂಗಡಿಯವನ ಮಾತನ್ನು ಮೊಂಡಿ ಹಲ್ಲು ಕಚ್ಚಿ ನುಂಗಿದ್ದಳು. ಈ 'ಪಾಪ' ಗಂಟಲಲ್ಲಿ ಇಳಿಯಲಿಲ್ಲ.

ಹಿಂದಿರುಗುವಾಗ ಬಿಡು ಎಂದ ಗಂಡ.

"ಏನು ಬಿಡಲಿ?" ಎಂದಳು. "ಬಿಡೋಕೆ ಏನು ಹಿಡ್ಕೊಂಡಿದೀವಿ?"

ಮಳೆ ಹಿಡಿಯಿತು. ತಗ್ಗಿನ ನೆಲ, ಮಳೆಗಾಲದಲ್ಲಿ ನೀರು ಕೆಳಗಿನಿಂದ ಏರಿ ಬೀದಿಯ ಗುಂಡಿಗಳೆಲ್ಲ ತುಂಬುತ್ತವೆ. ಪ್ರತಿ ವರ್ಷ ಸಾಲಿನವರಿಗೆ ಬಿಡುವಿಲ್ಲದ ಕಾಲ ಅದು. ಮೊದಲು ಉಕ್ಕಿದ್ದು ಅಂಗಡಿಯವನ ಮನೆಯ ಗುಂಡಿ. ಅವನು ಬಯಲಿನ ಅಂಚಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಅದಕ್ಕಿಂತ ಮುಂದೆ ಅವನು ಯಾವತ್ತೂ ಕಾಲಿಟ್ಟವನಲ್ಲ. ಮೊಂಡಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಏ ಮೊಂಡಿ, ಗಂಡನ್ನ ಕಳಿಸು. ಗುಂಡಿ ಉಕ್ಕಿದೆ."

"ಬರಲ್ಲ."

"ಯಾಕೆ, ಹುಷಾರಿಲ್ವಾ?"

"ಹುಷಾರಾಗೇ ಇದಾನೆ. ದೂರ ಆಗುತ್ತೆ."

ಅಂಗಡಿಯವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಅವನ ದನಿ ಬದಲಾಯಿತು. ತಮಾಷೆ ಸಾಕು, ಮನೆಯಲ್ಲಿ ಮೊಮ್ಮಗು ಇದೆ, ಹಿತ್ತಲೆಲ್ಲ ಹರಿಯುತ್ತಿದೆ ಎಂದ.

ಮೊಂಡಿ ಮೊರ ಕೆಳಗಿಟ್ಟು ಎದ್ದು ನಿಂತಳು.

"ನಿಮ್ಮ ಗುಂಪೇ ಬೇರೆ, ನಾವೇ ಬೇರೆ ಅಂತ ಕಂಪ್ಯೂಟರೇ ಹೇಳಿದೆ. ನೀವೂ ಹೌದು ಅಂದ್ರಿ. ಸಂಬಂಧ ಇಲ್ಲದೋರ ಮನೆ ಹೇಲು ನಾವ್ಯಾಕೆ ಹೊರಬೇಕು?"

ಇಷ್ಟು ವರ್ಷದಲ್ಲಿ ಆ ಸಾಲಿನಿಂದ ಆ ಬೀದಿಗೆ ಹೋಗದ ಮಾತು ಅದು. ಗಂಡ ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಹೊರಗೆ ಬಂದು ಅವಳ ಪಕ್ಕ ನಿಂತ. ಅವನು ಮಾತಿಗೆ ಬಡವ. ನಿಂತದ್ದೇ ಸಾಕಾಯಿತು. ಅಂಗಡಿಯವನು ಬೈದುಕೊಂಡು ಹೋದ. ಅವನು ಬೈದ ಬೈಗುಳವನ್ನು ಇಲ್ಲಿ ಬರೆಯಬೇಕಾಗಿಲ್ಲ. ಅದು ಆ ಸಾಲಿನ ಮಕ್ಕಳಿಗೂ ಬಾಯಿಪಾಠ.

ಮಳೆ ನಿಲ್ಲಲಿಲ್ಲ. ಒಂದೊಂದೇ ಗುಂಡಿ ಬಾಯಿ ತೆರೆಯಿತು. ಬೀದಿಯವರು ಪಂಪಿನ ಲಾರಿ ತರಿಸಿದರು, ಅದು ಆ ಇಕ್ಕಟ್ಟಿನಲ್ಲಿ ತಿರುಗಲಾರದೆ ಹಿಂದಕ್ಕೆ ಹೋಯಿತು. ಊರಿನ ಬೇರೆ ಕಡೆಯ ಗುಂಡಿಯವರಿಗೆ ಹೇಳಿಕಳಿಸಿದರು. ಅವರಿಗೂ ಸುದ್ದಿ ಮುಟ್ಟಿತ್ತು, ಯಾರೂ ಬರಲಿಲ್ಲ. ಜನ ಮೂಗಿಗೆ ಬಟ್ಟೆ ಕಟ್ಟಿ, ಇಟ್ಟಿಗೆಯ ಮೇಲೆ ಕಾಲಿಟ್ಟು ಓಡಾಡಿದರು. ಗಾಳಿ ಬೀಸಿದಾಗ ವಾಸನೆ ಬಯಲು ದಾಟಿ ಇತ್ತ ಬಂತು. ಅತ್ತೆ ಮೂಗೆಳೆದು, ನಮ್ಮದಲ್ಲ, ಅವರದು ಎಂದಳು.

ಸಾಲಿನಲ್ಲಿಯೂ ಸುಖವಿರಲಿಲ್ಲ. ಕೆಲಸವಿಲ್ಲ, ಒಲೆ ದಿನಕ್ಕೊಮ್ಮೆ ಉರಿಯಿತು, ಆಮೇಲೆ ಅದೂ ತಪ್ಪಿತು. ಗಂಡಸರು ಪೇಟೆಯಲ್ಲಿ ಮೂಟೆ ಹೊರಲು ಹೋದರೆ ಕೈ ನೋಡಿಯೇ ಗುರುತು ಹಿಡಿದು ಅಟ್ಟಿದರು. ಒಂದು ಬೆಳಿಗ್ಗೆ ಮೊಂಡಿಯ ಭಾವ, ಗಂಡನ ಅಣ್ಣ, ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟು ನಿಂತ. ಮಕ್ಕಳ ಹೊಟ್ಟೆಗೆ ನಿನ್ನ ಹಟ ಬಡಿಸಲಾ ಎಂದು ಮೊಂಡಿಯನ್ನು ಕೇಳಿದ. ಅವನು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಗ ಅತ್ತೆ ಎದ್ದು ಬಂದು, ದೊಡ್ಡ ಮಗನ ಹೆಗಲಿನಿಂದ ಹಗ್ಗ ಇಳಿಸಿ, ಸುರುಳಿ ಸುತ್ತಿ ನೆಲಕ್ಕೆ ಹಾಕಿ ಅದರ ಮೇಲೆ ಕೂತಳು.

"ನಿಮ್ಮಪ್ಪ ಒಂದು ಕೋಳಿಗೂಡು ಇಡೋಕೆ ಆಗದೇ ಸತ್ತ," ಎಂದಳು. "ಹೋಗೋದಾದ್ರೆ ನನ್ನ ಎಬ್ಬಿಸಿ ತಗೊಂಡು ಹೋಗು."

ಭಾವ ಗೋಡೆಗೆ ಒರಗಿ ಕುಸಿದು ಕೂತು ಅತ್ತ.

ಕೊನೆಗೆ ಬೀದಿಯವರೇ ಬಂದರು. ಅಂಗಡಿಯವನು, ತಗಡು ಬಡಿಯುವ ಇಬ್ಬರು, ದರ್ಜಿ ಅಕ್ಕ. ಬಯಲಿನ ಮುಳ್ಳು ತಪ್ಪಿಸಿ ನಡುವಿನವರೆಗೂ ಬಂದು ನಿಂತರು. ಚಿತ್ರ ತೆಗೆಯುವವರೆಗೆ ಒಂದು ಸೂರು ಹಾಕಿಕೊಳ್ಳಿ, ನಮ್ಮ ಅಡ್ಡಿಯಿಲ್ಲ, ಮೊದಲು ಗುಂಡಿ ತೆಗೆಯಿರಿ ಎಂದರು. ಮೊದಲು ಸೂರು, ಆಮೇಲೆ ಚಿತ್ರ, ಆಮೇಲೆ ಗುಂಡಿ ಎಂದಳು ಮೊಂಡಿ. ಅವರು ತಮ್ಮತಮ್ಮಲ್ಲೇ ಗುಸುಗುಸು ಮಾಡಿ ಒಪ್ಪಿದರು. ಅವಳು ಇನ್ನೂ ಒಂದಿದೆ ಎಂದಳು.

"ಯಾರ ಮನೆ ಗುಂಡಿಯೋ ಅವರೇ ಹಗ್ಗದ ತುದಿ ಹಿಡೀಬೇಕು. ನನ್ನ ತೋಳಿಗೆ ಸಾಕಾಗಿದೆ."

ಸೂರು ಎದ್ದಿತು. ಸಾಲಿನವರೆಲ್ಲ ಕೈ ಹಾಕಿದರು. ಮುಳ್ಳು ಕಡಿದರು, ಮಣ್ಣು ಹೊತ್ತು ನೆಲ ಎತ್ತರಿಸಿದರು, ನಾಲ್ಕು ಗಳ ನೆಟ್ಟು ಹಳೆಯ ತಗಡು ಹೊದಿಸಿದರು. ಮಳೆಯಲ್ಲೇ ಕೆಲಸ. ಖಾಲಿ ಹೊಟ್ಟೆಯಲ್ಲಿ ಕಲ್ಲು ಎತ್ತುವಾಗ ಕಣ್ಣು ಕತ್ತಲಿಟ್ಟು ಮೊಂಡಿ ಎರಡು ಸಲ ಕೂತಳು. ಕಂಡವರ ಗುಂಡಿಗಲ್ಲದೆ ತಮ್ಮದೇ ಒಂದು ಗೋಡೆಗೆ ಮಣ್ಣು ಮೆತ್ತುವಾಗ ಗಂಡ ಸಣ್ಣಗೆ ಶಿಳ್ಳೆ ಹಾಕುತ್ತಿದ್ದ. ಅವನಿಗೆ ಶಿಳ್ಳೆ ಬರುತ್ತದೆಂದು ಅವಳಿಗೆ ಅವತ್ತೇ ತಿಳಿದದ್ದು.

ಮಳೆ ಬಿಡುವು ಕೊಟ್ಟ ದಿನ ಮೇಡಂ ಬಂದು ಪುಟ್ಟ ಯಂತ್ರವನ್ನು ಆಕಾಶಕ್ಕೆ ಹಾರಿಸಿದಳು. ಅದು ನೊಣದ ಹಾಗೆ ಗುಯ್‌ಗುಟ್ಟುತ್ತ ಬೀದಿ, ಬಯಲು, ಸಾಲು ಸುತ್ತಿ ಬಂತು. ಕಂಪ್ಯೂಟರಿನಲ್ಲಿ ಚುಕ್ಕಿಗಳು ಮೂಡಿದವು. ಬೀದಿಯ ಕೊನೆಯ ಚುಕ್ಕಿ ಸೂರಿನ ಚುಕ್ಕಿಯನ್ನು ಹಿಡಿಯಿತು, ಅದು ಸಾಲಿನ ಮೊದಲ ಮನೆಯನ್ನು ಹಿಡಿಯಿತು. ಬೂದು ಬಣ್ಣ ಹಸಿರಾಯಿತು. ಮೇಡಂಗೆ ನಿಜವಾಗಿಯೂ ಖುಷಿಯಾಗಿತ್ತು. ಅಮ್ಮ, ನೀವು ಸೇರಿದ್ರಿ ಎಂದಳು.

"ಎಲ್ಲಿಗೆ?" ಎಂದಳು ಮೊಂಡಿ.

ಮೇಡಂ ಕಂಪ್ಯೂಟರು ಮುಚ್ಚಿದಳು.

ಮಾತು ಕೊಟ್ಟಂತೆ ಗಂಡ ಗುಂಡಿಗೆ ಇಳಿದ. ಅಂಗಡಿಯವನ ಮನೆಯದೇ ಮೊದಲು. ಅಂಗಡಿಯವನು ಹಗ್ಗ ಹಿಡಿದ, ಎರಡೂ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಮುಖ ಅತ್ತ ತಿರುಗಿಸಿಕೊಂಡು. ಮೊಂಡಿ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು. ಆ ಹಗ್ಗದ ಇನ್ನೊಂದು ತುದಿಯಲ್ಲಿ ಅವಳ ಗಂಡನ ಜೀವವಿತ್ತು. ಕೈ ಸಡಿಲವಾದಾಗೆಲ್ಲ ಬಿಗಿ ಹಿಡೀರಿ ಎನ್ನುತ್ತಿದ್ದಳು. ಅವನು ಹಿಡಿದ. ಬಕೀಟು ಎಳೆದು ಎಳೆದು ಬೆವರಿದ, ಓಕರಿಸಿದ. ಕೆಲಸ ಮುಗಿದ ಮೇಲೆ ಕೈಯ ಬಟ್ಟೆ ಬಿಚ್ಚಿ ಗುಂಡಿಗೆ ಎಸೆದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಮೊಂಡಿಗೂ ಗಂಡನಿಗೂ ನೀರು ಹೊಯ್ಯಲು ಅವನ ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು, ಅಷ್ಟೇ ಎತ್ತರದಲ್ಲಿ. ಮೊಂಡಿ ಚೊಂಬನ್ನು ಅವಳ ಕೈಯಿಂದ ಕಸಿದುಕೊಂಡು ತಾನೇ ಹೊಯ್ದುಕೊಂಡಳು. ಚೊಂಬನ್ನು ಅಲ್ಲೇ ಬಿಟ್ಟು ಬಂದಳು. ಅದನ್ನು ಆ ಮನೆಯವರು ಬಿಸಾಕಿದರೆಂದು ಆಮೇಲೆ ಕೇಳಿದಳು.

ಗುಂಡಿಗಳು ಅರ್ಧ ಮುಗಿಯುವಷ್ಟರಲ್ಲಿ ನಕ್ಷೆ ಖಾಯಂ ಆಯಿತೆಂಬ ಸುದ್ದಿ ಬಂತು. ಅವತ್ತೇ ಬೀದಿಯ ಗಂಡಸರು ಹಾರೆ ಹಿಡಿದು ಬಯಲಿಗೆ ಬಂದರು. ಚಿತ್ರ ತೆಗೆದಾಯಿತಲ್ಲ, ನಿಮ್ಮ ಕೆಲಸವೂ ಆಯಿತು, ಸೂರು ಕೀಳುತ್ತೇವೆ ಎಂದರು. ಅಷ್ಟು ಹೊತ್ತಿಗೆ ಅತ್ತೆ ತನ್ನ ಚಾಪೆ, ಮಡಕೆ ತಂದಿಟ್ಟುಕೊಂಡು ಅಲ್ಲೇ ವಾಸ ಹೂಡಿದ್ದಳು. ಬಾಗಿಲಿಗೆ ಅಡ್ಡ ಕಾಲು ನೀಡಿ ಕೂತಿದ್ದವಳು ಅಲ್ಲಾಡಲಿಲ್ಲ.

"ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ," ಎಂದಳು. "ಕೀಳಿ. ಮೊದಲು ನನ್ನ ಕಾಲು ಹಿಡಿದು ಎತ್ತಿ ಆಚೆ ಹಾಕಿ. ಯಾರು ಮುಟ್ತೀರೋ ಬನ್ನಿ."

ಯಾರೂ ಮುಟ್ಟಲಿಲ್ಲ. ಮುಟ್ಟುವುದೇ ಅವರಿಗೆ ಆಗದ ಕೆಲಸ. ಮೊಂಡಿ ಓಡಿ ಬಂದು ಅತ್ತೆಯ ಹಿಂದೆ ನಿಂತಳು. ಒಂದು ಮೊಳೆ ಕಿತ್ತರೂ ಹಗ್ಗ ಸುಡುತ್ತೇವೆ, ಮುಂದಿನ ಮಳೆಗೆ ನಿಮ್ಮ ಮಕ್ಕಳನ್ನೇ ಇಳಿಸಿಕೊಳ್ಳಿ ಎಂದಳು. ಹಾರೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉಳಿದ ಗುಂಡಿಗಳು ಅವರ ಮನೆಗಳವೇ.

ಸೂರು ಉಳಿಯಿತು. ಸಾಲೂ ಉಳಿಯಿತು. ಕೊಳಚೆಯ ಯಂತ್ರದ ಮನೆಯನ್ನು ಊರಿನ ಇನ್ನೊಂದು ತಗ್ಗಿಗೆ ಸಾಗಿಸಿದರಂತೆ. ಅಲ್ಲಿ ಯಾರ ಚುಕ್ಕಿಗಳು ಬೂದಾಗಿದ್ದವೋ, ಅವರಿಗೆ ನಡುವೆ ಒಂದು ಸೂರು ಹಾಕಿ ಎಂದು ಯಾರಾದರೂ ಹೇಳಿದರೋ ಇಲ್ಲವೋ, ಮೊಂಡಿಗೆ ತಿಳಿಯಲಿಲ್ಲ. ನೆನೆದಾಗ ಬಾಯಿ ಕಹಿಯಾಗುತ್ತಿತ್ತು.

ಬಿಸಿಲು ಬಂದ ಮೇಲೆ ದರ್ಜಿ ಅಕ್ಕ ಗಾರೆಯವನನ್ನು ಕರೆಸಿದಳು. ಬಯಲಿನ ಕಡೆಯ ಕಿಟಕಿ ಕೀಳಿಸಿ, ಆ ಜಾಗಕ್ಕೆ ಇಟ್ಟಿಗೆ ಕಟ್ಟಿಸಿದಳು. ಸೂರಿನ ಬಾಗಿಲು ಎದುರಿಗೇ ಕಾಣುತ್ತದೆ, ಊಟ ಸೇರುವುದಿಲ್ಲ ಎಂದಳಂತೆ. ಒಂದೊಂದೇ ಇಟ್ಟಿಗೆ ಏರುವುದನ್ನು ಮೊಂಡಿ ದೂರದಿಂದ ನೋಡುತ್ತ ನಿಂತಳು. ನಕ್ಷೆಯಲ್ಲಿ ಆ ಮನೆಯೇ ಇವರ ಕೈ ಹಿಡಿದದ್ದು. ಕೊನೆಯ ಇಟ್ಟಿಗೆ ಕೂತಾಗ ಅವಳು ಅಳಲಿಲ್ಲ. ಒಂದು ಕಲ್ಲು ಎತ್ತಿಕೊಂಡಳು, ಸ್ವಲ್ಪ ಹೊತ್ತು ಹಿಡಿದಿದ್ದು ಕೆಳಗೆ ಹಾಕಿದಳು.

ಗಾರೆಯವನು ಸಾಮಾನು ಕಟ್ಟಿಕೊಂಡು ಹೋದ ಮೇಲೆ ಅತ್ತೆ ಸೂರಿನಿಂದ ಹೊರಗೆ ಬಂದಳು. ಕೋಲೂರಿಕೊಂಡು ಬಯಲು ದಾಟಿ ಆ ಗೋಡೆಯ ಹತ್ತಿರ ಹೋದಳು. ಈ ತಗ್ಗಿಗೆ ಬಂದಾಗಿನಿಂದ ಅವಳು ಅದರ ಅಷ್ಟು ಹತ್ತಿರ ಹೋದವಳಲ್ಲ. ಅತ್ತೆ, ಬಾ ಎಂದು ಮೊಂಡಿ ಕರೆದಳು. ಅತ್ತೆ ಕೇಳಿಸದವಳಂತೆ ನಿಧಾನಕ್ಕೆ ನೆಲಕ್ಕೆ ಕೂತು, ಬೆನ್ನನ್ನು ಪೂರ್ತಿ ಗೋಡೆಗೆ ಕೊಟ್ಟು, ಕಾಲು ಚಾಚಿದಳು. ಗೋಡೆ ದಿನವಿಡೀ ಬಿಸಿಲಿಗೆ ಕಾದಿತ್ತು. ಮುದಿ ಬೆನ್ನಿಗೆ ಹಿತವಾಯಿತು.

"ಯಾರಾದ್ರೂ ನೋಡಿದ್ರೆ?" ಎಂದಳು ಮೊಂಡಿ.

"ಎಲ್ಲಿಂದ ನೋಡ್ತಾರೆ?" ಎಂದಳು ಅತ್ತೆ. "ನೀನೂ ಬಾ, ಕೂತ್ಕೋ."